ಡಚ್ ಭಾಷೆ ಕಲಿತ ವೈದ್ಯರು

ನಮ್ಮ ಎದುರು ಸಾಲಿನ ಮನೆಯ ಹುಡುಗನೊಬ್ಬ ಆರು ತಿಂಗಳಿಂದ ಜರ್ಮನ್ ಭಾಷೆಯ ಪಾಠಕ್ಕೆ ಹೋಗುತ್ತಿದ್ದಾನೆ. ಇಂಜಿನಿಯರಿಂಗ್ ಮುಗಿಸಿದ್ದಾನೆ, ಮುಂದಿನ ಓದಿಗೆ ಜರ್ಮನಿಗೆ ಹೋಗಬೇಕೆಂಬ ಆಸೆ. ಮೊನ್ನೆ ಸಂಜೆ ಬಂದು ನಮ್ಮ ಜಗಲಿಯ ಮೇಲೆ ಕುಳಿತವನು ಕೈಯಲ್ಲಿದ್ದ ಪಠ್ಯಪುಸ್ತಕವನ್ನು ಪಕ್ಕಕ್ಕಿಟ್ಟು, "ತಾತ, ನೀವು ಮೂವತ್ತು ವರ್ಷ ಇಂಗ್ಲಿಷು ಪಾಠ ಹೇಳಿದವರು. ಕೆಲವರ ತಲೆಗೆ ಬೇರೆ ಭಾಷೆ ಹತ್ತುವುದೇ ಇಲ್ಲ ಅನ್ನುತ್ತಾರಲ್ಲ, ಅದು ನಿಜವೆ? ಇವತ್ತು ಕಲಿತ ಪದ ನಾಳೆಗೆ ನನ್ನ ಹತ್ತಿರ ಇರುವುದಿಲ್ಲ" ಎಂದ.

ಇಂಥ ಪ್ರಶ್ನೆಗೆ ಮೇಷ್ಟರಾದವನು ಥಟ್ಟನೆ ಉತ್ತರ ಕೊಡಬಾರದು. ಹಾಗೆ ಕೊಟ್ಟು ಒಮ್ಮೆ ಕೆಟ್ಟವನು ನಾನು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಆ ಸಂಜೆ ಹುಡುಗನಿಗೆ ಉತ್ತರದ ಬದಲಾಗಿ ಜಪಾನಿನ ಕೆಲವು ವೈದ್ಯರ ಕಥೆಯನ್ನು ಹೇಳಿದೆ. ಕಥೆಯೆಂದೆನಾದರೂ ಅದು ನಡೆದ ಇತಿಹಾಸ. ಗುರುವಿಲ್ಲದೆ, ನಿಘಂಟಿಲ್ಲದೆ, ವ್ಯಾಕರಣವಿಲ್ಲದೆ ಪರದೇಶದ ಭಾಷೆಯೊಂದನ್ನು ಮನುಷ್ಯರು ಏಕೆ ಕಲಿತರು, ಹೇಗೆ ಕಲಿತರು ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಪ್ರಸಂಗ ನನ್ನ ಓದಿನಲ್ಲಿ ಮತ್ತೊಂದಿಲ್ಲ.

ಹದಿನೇಳನೆಯ ಶತಮಾನದಲ್ಲಿ ಜಪಾನು ತನ್ನ ಬಾಗಿಲನ್ನು ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿಕೊಂಡಿತು. 1639ರಲ್ಲಿ ಪೋರ್ತುಗೀಜರು ಹೊರದೂಡಲ್ಪಟ್ಟರು. ಆ ಮೇಲೆ ಯೂರೋಪಿಯನರ ಪೈಕಿ ಅಲ್ಲಿ ವ್ಯಾಪಾರಕ್ಕೆ ಉಳಿದವರು ಡಚ್ಚರು ಮಾತ್ರ. 1641ರಿಂದ ಅವರನ್ನು ನಾಗಸಾಕಿಯ ಬಂದರಿನಲ್ಲಿ ದೆಜಿಮ ಎಂಬ ಪುಟ್ಟ ದ್ವೀಪದೊಳಗೆ ಇರಿಸಿದರು. ಸಮುದ್ರಕ್ಕೆ ಮಣ್ಣು ತುಂಬಿ ಕಟ್ಟಿದ, ಬೀಸಣಿಗೆಯ ಆಕಾರದ ದ್ವೀಪ, ವಿಸ್ತಾರ ನಾಲ್ಕು ಎಕರೆಗೂ ಕಡಿಮೆ, ದಡಕ್ಕೆ ಒಂದೇ ಸೇತುವೆ, ಸೇತುವೆಗೆ ಕಾವಲು. ಅಲ್ಲಿನ ವ್ಯವಹಾರವನ್ನು ನಡೆಸಿಕೊಡಲು ಸರಕಾರವು ದುಭಾಷಿಗಳನ್ನು ನೇಮಿಸಿತ್ತು. ನಮ್ಮಲ್ಲಿ ಶಾನುಭೋಗಿಕೆ ಇದ್ದಂತೆ ಅಲ್ಲಿ ದುಭಾಷಿತನವೂ ವಂಶಪಾರಂಪರ್ಯವಾಗಿ ಬರುತ್ತಿತ್ತು. ಹುಡುಗನಾಗಿದ್ದಾಗಲೇ ಅಭ್ಯಾಸ, ಬೆಳೆದ ಮೇಲೆ ಕಿರಿಯ ದುಭಾಷಿ, ಅನಂತರ ಹಿರಿಯ ದುಭಾಷಿ. ಸರಕಿನ ಪಟ್ಟಿ, ಹಡಗಿನ ಸುದ್ದಿ, ಅಧಿಕಾರಿಗಳ ಪ್ರಶ್ನೆ, ಡಚ್ಚರ ಉತ್ತರ: ಇಷ್ಟಕ್ಕೆ ಬೇಕಾದಷ್ಟು ಭಾಷೆ ಅವರಲ್ಲಿತ್ತು. ಗ್ರಂಥಗಳನ್ನು ಓದಿ ಅರಗಿಸಿಕೊಂಡವರು ಅವರಲ್ಲಿ ಬಹುಕಾಲ ವಿರಳರಾಗಿದ್ದರು.

ಆ ಕಾಲದಲ್ಲಿ ದೆಜಿಮದ ಡಚ್ ಮುಖ್ಯಸ್ಥನು ಪ್ರತಿವರ್ಷವೂ ರಾಜಧಾನಿಯಾದ ಎದೊ ನಗರಕ್ಕೆ, ಎಂದರೆ ಇಂದಿನ ಟೋಕಿಯೋಗೆ, ಕಾಣಿಕೆ ಒಪ್ಪಿಸಲು ಹೋಗುವ ಪದ್ಧತಿಯಿತ್ತು. ಜೊತೆಯಲ್ಲಿ ದುಭಾಷಿಗಳೂ ಬರುತ್ತಿದ್ದರು. 1766ರಲ್ಲಿ ಎದೊ ನಗರದ ಇಬ್ಬರು ವೈದ್ಯರು ಅವರು ಇಳಿದುಕೊಂಡಿದ್ದ ಛತ್ರಕ್ಕೆ ಹೋಗಿ ನಿಷಿ ಜೆನ್‌ಜಬುರೊ ಎಂಬ ಹಿರಿಯ ದುಭಾಷಿಯನ್ನು ಕಂಡರು. ಒಬ್ಬರು ಮಯೆನೊ ರ್ಯೋತಾಕು. ಇನ್ನೊಬ್ಬರು ಅವರಿಗಿಂತ ಹತ್ತು ವರ್ಷ ಕಿರಿಯರಾದ ಸುಗಿತಾ ಗೆನ್‌ಪಾಕು. ನಾವೂ ಡಚ್ ಭಾಷೆಯನ್ನು ಕಲಿಯಬಹುದೆ ಎಂಬುದು ಅವರ ಪ್ರಶ್ನೆ.

ನಿಷಿಯ ಸಲಹೆ ಕೈಬಿಡುವುದೇ ಮೇಲೆಂಬುದು. ಅದಕ್ಕೆ ಕಾರಣವನ್ನೂ ಅವರು ಕೊಟ್ಟರು. ಬಟ್ಟಲನ್ನು ಬಾಯಿಗೆ ಹಿಡಿದು ತೋರಿಸಿ 'ಕುಡಿ' ಎಂಬುದಕ್ಕೆ ಡಚ್ಚರ ಪದವೇನೆಂದು ಕೇಳಬಹುದು; ಆದರೆ ಒಬ್ಬನಿಗೆ ಕುಡಿಯುವುದು ಇಷ್ಟ, ಮತ್ತೊಬ್ಬನಿಗೆ ಅಷ್ಟಾಗಿ ಇಷ್ಟವಿಲ್ಲ ಎಂಬುದನ್ನು ಅಭಿನಯಿಸಿ ಕೇಳುವುದು ಹೇಗೆ? ದುಭಾಷಿಯ ಮನೆಯಲ್ಲೇ ಹುಟ್ಟಿ ಬೆಳೆದ ತಮಗೇ ಇಂಥ ಪದಗಳ ಅರ್ಥ ಹೊಳೆಯಲು ವರ್ಷಗಳು ಹಿಡಿದವೆಂದ ಮೇಲೆ ಎದೊದಲ್ಲಿ ಕುಳಿತವರಿಗೆ ಇದು ಆಗದ ಮಾತು. ಗೆನ್‌ಪಾಕು ಅವರಿಗೆ ಈ ವಾದ ಸರಿಯೆಂದು ತೋರಿತು. ಸ್ವಭಾವತಃ ಅವಸರದ ಮನುಷ್ಯ, ಅಲ್ಲಿಗೇ ಬಿಟ್ಟುಬಿಟ್ಟರು. ರ್ಯೋತಾಕು ಬಿಡಲಿಲ್ಲ. ಹಿಂದೊಮ್ಮೆ ಸ್ನೇಹಿತರೊಬ್ಬರು ಡಚ್ ಬರಹದ ಚೂರೊಂದನ್ನು ತೋರಿಸಿದ್ದಾಗ, ಮನುಷ್ಯನು ಬರೆದದ್ದು ಮತ್ತೊಬ್ಬ ಮನುಷ್ಯನಿಗೆ ಏಕೆ ತಿಳಿಯಬಾರದೆಂಬ ಹಟ ಅವರಲ್ಲಿ ಹುಟ್ಟಿಕೊಂಡಿತ್ತು. ಐವತ್ತರ ಹತ್ತಿರ ಬಂದ ವಯಸ್ಸಿನಲ್ಲಿ ಅವರು ನಾಗಸಾಕಿಗೆ ಹೋದರು. ಕೆಲವು ನೂರು ಪದಗಳನ್ನೂ ಒಂದೆರಡು ಡಚ್ ಪುಸ್ತಕಗಳನ್ನೂ ಗಳಿಸಿಕೊಂಡು ಹಿಂದಿರುಗಿದರು.

ಇಲ್ಲಿ ನನ್ನ ಸಂಗತಿಯನ್ನು ಹೇಳಬೇಕು. ನಾನೂ ಒಂದು ಕಾಲದಲ್ಲಿ ನಿಷಿ ಜೆನ್‌ಜಬುರೊ ಆಗಿದ್ದೆ. ತಾಲ್ಲೂಕು ಊರೊಂದರ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕ ಬರುತ್ತಿತ್ತು, ಇಂಗ್ಲಿಷು ಬರುತ್ತಿರಲಿಲ್ಲ. ಎರಡು ಸಲ ಕುಳಿತರೂ ಅದೊಂದರಲ್ಲಿ ತೇರ್ಗಡೆಯಾಗಲಿಲ್ಲ. ಅವನ ತಂದೆ ಶಾಲೆಗೆ ಬಂದು ಕೈಮುಗಿದು ನಿಂತಾಗ, "ಇವನ ತಲೆಗೆ ಇಂಗ್ಲಿಷು ಹತ್ತುವುದಿಲ್ಲ. ಸುಮ್ಮನೆ ವರ್ಷ ಹಾಳುಮಾಡಬೇಡಿ, ಯಾವುದಾದರೂ ಕಸುಬಿಗೆ ಹಾಕಿ" ಎಂದುಬಿಟ್ಟೆ. ತಂದೆ, "ಆಗಲಿ ಸ್ವಾಮಿ, ನೀವು ಹೇಳಿದ ಮೇಲೆ" ಎಂದು ಹುಡುಗನನ್ನು ಕರೆದುಕೊಂಡು ಹೋದರು. ಹುಡುಗ ಹೋಗುವಾಗ ಒಂದು ಸಲ ತಿರುಗಿ ನೋಡಿದ. ನಾನು ಹೇಳಿದ್ದು ಸುಳ್ಳೆಂದು ಆಗ ನನಗೆ ಅನ್ನಿಸಲಿಲ್ಲ. ನಿಷಿಯೂ ಸುಳ್ಳು ಹೇಳಿರಲಿಲ್ಲ. ತಾವು ಪಟ್ಟ ಪಾಡನ್ನು ಹೇಳಿದ್ದರು. ಕಲಿಯುವವನಿಗೆ ಆ ಭಾಷೆಯಿಂದ ಏನು ಬೇಕಾಗಿದೆ ಎಂಬುದನ್ನು ಮಾತ್ರ ನಾವಿಬ್ಬರೂ ಕೇಳಲಿಲ್ಲ.

ಮತ್ತೆ ಎದೊ ನಗರಕ್ಕೆ ಹೋಗೋಣ. 1771ರಲ್ಲಿ ಗೆನ್‌ಪಾಕು ಅವರ ಕಣ್ಣಿಗೆ ಒಂದು ಡಚ್ ಪುಸ್ತಕ ಬಿತ್ತು. ಯೋಹಾನ್ ಆಡಮ್ ಕುಲ್ಮುಸ್ ಎಂಬ ಜರ್ಮನ್ ವೈದ್ಯನು ಬರೆದ ಅಂಗರಚನಾಶಾಸ್ತ್ರದ ಗ್ರಂಥದ ಡಚ್ ಅನುವಾದ ಅದು, 1734ರಲ್ಲಿ ಅಚ್ಚಾದದ್ದು. ಗೆನ್‌ಪಾಕು ಅವರಿಗೆ ಡಚ್ಚಿನ ಅಕ್ಷರವೂ ಬಾರದು. ಆದರೆ ಚಿತ್ರಗಳಿಗೆ ಅಕ್ಷರ ಬೇಕೆ? ಶ್ವಾಸಕೋಶ, ಹೃದಯ, ಕರುಳು, ಎಲುಬು, ಯಾವುದೂ ತಾವು ಓದಿದ ಚೀನೀ ವೈದ್ಯಗ್ರಂಥಗಳಲ್ಲಿ ಇದ್ದ ಹಾಗೆ ಇರಲಿಲ್ಲ. ಎರಡರಲ್ಲಿ ಒಂದು ತಪ್ಪಾಗಿರಲೇಬೇಕು. ಬೆಲೆ ಕೊಡುವ ಶಕ್ತಿ ತಮಗಿಲ್ಲದ ಕಾರಣ ತಮ್ಮ ಸಂಸ್ಥಾನದ ಹಣದಿಂದ ಪುಸ್ತಕವನ್ನು ಕೊಳ್ಳುವ ಏರ್ಪಾಟು ಮಾಡಿಕೊಂಡರು.

ಆ ವರ್ಷದ ಮೂರನೆಯ ಚಾಂದ್ರಮಾಸದ ನಾಲ್ಕನೆಯ ದಿನ, ನಗರದ ಹೊರವಲಯದ ಕೋಜುಕಪ್ಪಾರ ಎಂಬ ವಧಾಸ್ಥಾನದಲ್ಲಿ ಮರಣದಂಡನೆಗೆ ಗುರಿಯಾದ ಹೆಂಗಸೊಬ್ಬಳ ದೇಹವನ್ನು ಛೇದಿಸುವರೆಂದು ತಿಳಿಯಿತು. ಗೆನ್‌ಪಾಕು ಮಿತ್ರರಿಗೆ ಹೇಳಿಕಳುಹಿಸಿದರು. ಅಲ್ಲಿಗೆ ಬಂದ ರ್ಯೋತಾಕು ತಮ್ಮ ಉಡುಪಿನೊಳಗಿಂದ ಒಂದು ಪುಸ್ತಕವನ್ನು ಹೊರತೆಗೆದರು. ನೋಡಿದರೆ ಅದೂ ಕುಲ್ಮುಸನ ಅದೇ ಗ್ರಂಥ, ನಾಗಸಾಕಿಯಲ್ಲಿ ಸಂಪಾದಿಸಿದ್ದು. ಇಬ್ಬರೂ ಒಬ್ಬರಿಗೊಬ್ಬರು ತಿಳಿಸದೆ ಒಂದೇ ಪುಸ್ತಕವನ್ನು ಹೊತ್ತು ತಂದಿದ್ದರು.

ದೇಹವನ್ನು ಛೇದಿಸಿದವನು ತೊಂಬತ್ತು ವರ್ಷದ ಮುದುಕ. ಸಮಾಜವು ಅಸ್ಪೃಶ್ಯವೆಂದು ದೂರವಿಟ್ಟಿದ್ದ ಜಾತಿಯವನು. ವೈದ್ಯರು ಅದುವರೆಗೆ ಕೈಯಿಂದ ಮುಟ್ಟದ ವಿದ್ಯೆ ಅವನ ಕೈಯಲ್ಲಿತ್ತು. ಒಂದೊಂದೇ ಅಂಗವನ್ನು ಎತ್ತಿ ತೋರಿಸುತ್ತ, ಹೆಸರು ತಿಳಿಯದ ಭಾಗಗಳನ್ನೂ ತೋರಿಸಿದ. ಹಿಂದೆಯೂ ಎಷ್ಟೋ ವೈದ್ಯರಿಗೆ ಇವನ್ನೆಲ್ಲ ತೋರಿಸಿದ್ದೆನೆಂದೂ ಇದೇನು ಅದೇನು ಎಂದು ಕೇಳಿದವರು ಒಬ್ಬರೂ ಇರಲಿಲ್ಲವೆಂದೂ ಹೇಳಿದನಂತೆ. ಈ ಒಂದು ಸಂಗತಿಗಾಗಿಯಾದರೂ ಆ ಮುದುಕನಿಗೆ ಕೈಮುಗಿಯಬೇಕೆಂದು ನನಗೆ ಅನ್ನಿಸುತ್ತದೆ. ವೈದ್ಯರು ಚಿತ್ರವನ್ನು ನೋಡಿದರು, ದೇಹವನ್ನು ನೋಡಿದರು. ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಸಾವಿರ ವರ್ಷದ ಚೀನೀ ಗ್ರಂಥಗಳು ಹೇಳಿದ್ದ ಎಸಳುಗಳ ಲೆಕ್ಕ ಶ್ವಾಸಕೋಶದಲ್ಲೂ ಇರಲಿಲ್ಲ, ಯಕೃತ್ತಿನಲ್ಲೂ ಇರಲಿಲ್ಲ.

ಮನೆಗೆ ಹಿಂದಿರುಗುವ ದಾರಿಯಲ್ಲಿ ಗೆನ್‌ಪಾಕು, ರ್ಯೋತಾಕು ಮತ್ತು ಇನ್ನೊಬ್ಬ ವೈದ್ಯರಾದ ನಾಕಾಗಾವಾ ಜುನಾನ್ ಮೂವರಿಗೂ ನಾಚಿಕೆ. ದೇಹದ ರಚನೆಯನ್ನೇ ಅರಿಯದೆ ಇಷ್ಟು ವರ್ಷ ಒಡೆಯರಿಗೆ ವೈದ್ಯ ಮಾಡಿದೆವಲ್ಲ ಎಂದು. ಈ ಗ್ರಂಥವನ್ನು ಅನುವಾದಿಸಲೇಬೇಕೆಂದು ದಾರಿಯಲ್ಲೇ ನಿಶ್ಚಯವಾಯಿತು. ಮರುದಿನವೇ ತೆಪ್ಪೋಜು ಎಂಬಲ್ಲಿ, ನಾಕಾತ್ಸು ಸಂಸ್ಥಾನದ ನಿವಾಸದಲ್ಲಿದ್ದ ರ್ಯೋತಾಕು ಅವರ ಮನೆಯಲ್ಲಿ ಸೇರಿದರು. ಐದು ವರ್ಷದ ಹಿಂದೆ ದುಭಾಷಿಯ ಒಂದು ಮಾತಿಗೆ ಹಿಂಜರಿದಿದ್ದ ಗೆನ್‌ಪಾಕು ಈಗ ಎಲ್ಲರಿಗಿಂತ ಮುಂದೆ ನಿಂತಿದ್ದರು. ಭಾಷೆ ಸುಲಭವಾಗಿರಲಿಲ್ಲ, ಬುದ್ಧಿ ಹೆಚ್ಚಿರಲಿಲ್ಲ. ಆ ಭಾಷೆಯ ಆಚೆ ದಡದಲ್ಲಿ ತಮಗೆ ಬೇಕಾದದ್ದೇನೋ ಇದೆಯೆಂಬುದನ್ನು ಕಣ್ಣಾರೆ ಕಂಡಿದ್ದರು, ಅಷ್ಟೆ.

ಕೆಲಸದ ಕಷ್ಟವನ್ನು ಏನೆಂದು ಹೇಳಲಿ! ಹುಬ್ಬೆಂದರೆ ಕಣ್ಣಿನ ಮೇಲೆ ಬೆಳೆದ ಕೂದಲು ಎಂಬಂಥ ಒಂದು ಸಾಲನ್ನು ಹಿಡಿದುಕೊಂಡು ವಸಂತದ ಒಂದು ನೀಳ ಹಗಲೆಲ್ಲ ಕಳೆದರೂ ಅರ್ಥವಾಗದ ದಿನಗಳಿದ್ದವಂತೆ. ಮೂಗಿನ ವರ್ಣನೆಯಲ್ಲಿ ಬಂದ 'ಫೆರ್‌ಹೆಫೆಂಡ' ಎಂಬ ಪದವಂತೂ ಅವರನ್ನು ಬಹಳ ಕಾಡಿತು. ರ್ಯೋತಾಕು ತಂದಿದ್ದ ಕಿರುಪುಸ್ತಕವೊಂದರಲ್ಲಿ, ಕೊಂಬೆ ಕಡಿದ ಜಾಗ ಹಾಗಾಗುತ್ತದೆ, ತೋಟ ಗುಡಿಸಿದಾಗ ಕಸ ಹಾಗಾಗುತ್ತದೆ ಎಂದು ಆ ಪದದ ಪ್ರಯೋಗವಿತ್ತು. ಕಡಿದ ಗಾಯ ಮಾಗಿದಾಗ ಉಬ್ಬುತ್ತದೆ, ಗುಡಿಸಿದ ಕಸ ಗುಡ್ಡೆಯಾಗುತ್ತದೆ. ಹಾಗಾದರೆ ಮೂಗು ಮುಖದ ಮಧ್ಯೆ ಉಬ್ಬಿ ನಿಂತದ್ದು! ರತ್ನ ಸಿಕ್ಕಿದಷ್ಟು ಸಂತೋಷ ಎಲ್ಲರಿಗೂ. ಗೆನ್‌ಪಾಕು ಇದನ್ನು ಬರೆದದ್ದು 1815ರಲ್ಲಿ, ಎಂಬತ್ತು ದಾಟಿದ ಮೇಲೆ, ತಮ್ಮ ನೆನಪುಗಳ ಪುಸ್ತಕದಲ್ಲಿ. ಕುಲ್ಮುಸನ ಗ್ರಂಥದಲ್ಲಿ ಮೂಗಿನ ಭಾಗದಲ್ಲಿ ಆ ಪದವೇ ಇಲ್ಲವೆಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಮುದುಕರ ನೆನಪು ಪದವನ್ನು ತಪ್ಪಿರಬಹುದು, ಆ ದಿನದ ಸಂತೋಷವನ್ನು ತಪ್ಪಿರಲಾರದು.

ತಿಂಗಳಿಗೆ ಆರೇಳು ಸಲ ಸೇರುತ್ತಿದ್ದರು. ಬಿಡಿಸಲಾರದ ಪದಕ್ಕೆ ವೃತ್ತದೊಳಗೆ ಅಡ್ಡಗೀಟಿನ ಗುರುತು ಹಾಕಿ ಮುಂದೆ ಹೋಗುತ್ತಿದ್ದರು. ಮೊದಮೊದಲು ಹಾಳೆಯ ತುಂಬ ಅದೇ ಗುರುತು. ಒಂದು ವರ್ಷ ಕಳೆಯುವ ಹೊತ್ತಿಗೆ ದಿನಕ್ಕೆ ಹತ್ತು ಸಾಲು ಸಾಗತೊಡಗಿತು. ತಮ್ಮ ಭಾಷೆಯಲ್ಲಿಲ್ಲದ ವಸ್ತುವಿಗೆ ಹೆಸರು ಕಟ್ಟಿದರು. ನರಕ್ಕೆ ಅವರು ಕಟ್ಟಿದ 'ಶಿಂಕೆಯಿ' ಎಂಬ ಪದ ಇಂದಿಗೂ ಜಪಾನಿನಲ್ಲಿ ಬಳಕೆಯಲ್ಲಿದೆ. ಹನ್ನೊಂದು ಸಲ ತಿದ್ದಿ ಬರೆದು, 1774ರಲ್ಲಿ 'ಕಾಯಿತಾಯಿ ಶಿನ್ಶೊ' ಎಂಬ ಹೆಸರಿನಲ್ಲಿ, ಪಠ್ಯಕ್ಕೆ ನಾಲ್ಕು ಸಂಪುಟ, ಚಿತ್ರಗಳಿಗೆ ಒಂದು ಸಂಪುಟವಾಗಿ ಪ್ರಕಟಿಸಿದರು.

ಇಲ್ಲೊಂದು ಸ್ವಾರಸ್ಯವಿದೆ. ಎಲ್ಲರಿಗಿಂತ ಹೆಚ್ಚು ಡಚ್ ಬಲ್ಲವರು ರ್ಯೋತಾಕು. ಆದರೆ ಗ್ರಂಥದ ಅನುವಾದಕರಲ್ಲಿ ಅವರ ಹೆಸರಿಲ್ಲ. ಕಾರಣವನ್ನು ಹಲವರು ಹಲವು ರೀತಿ ಹೇಳುತ್ತಾರೆ. ಇಬ್ಬರ ಹಂಬಲವೂ ಬೇರೆ ಬೇರೆಯಾಗಿತ್ತು ಎಂಬುದು ಮಾತ್ರ ಸ್ಪಷ್ಟ. ಗೆನ್‌ಪಾಕು ಅವರಿಗೆ ಬೇಕಾದದ್ದು ವೈದ್ಯ. ತಪ್ಪಿದ್ದರೂ ಇರಲಿ, ರೋಗಿಗಳಿಗೂ ವೈದ್ಯರಿಗೂ ಈ ವಿದ್ಯೆ ಬೇಗ ಮುಟ್ಟಲಿ ಎಂದು ಅವರ ಅವಸರ. ರ್ಯೋತಾಕು ಅವರಿಗೆ ಬೇಕಾದದ್ದು ಭಾಷೆಯೇ. ಗ್ರಂಥ ಹೊರಬಂದ ಮೇಲೂ ಅವರು ಬಾಗಿಲು ಹಾಕಿಕೊಂಡು ಡಚ್ ಓದುತ್ತಲೇ ಇದ್ದರು. ಇವನು ಡಚ್ ಭೂತವೆಂದು ಅವರ ಒಡೆಯರು ಹಾಸ್ಯ ಮಾಡಿದರೆ, ಆ ಅಡ್ಡಹೆಸರನ್ನೇ ಬಿರುದಾಗಿ ಇಟ್ಟುಕೊಂಡರು. ಅವಸರದವರು ಇಲ್ಲದಿದ್ದರೆ ಗ್ರಂಥ ಹೊರಬರುತ್ತಿರಲಿಲ್ಲ. ಹಟದವರು ಇಲ್ಲದಿದ್ದರೆ ಗ್ರಂಥ ಅರ್ಥವಾಗುತ್ತಿರಲಿಲ್ಲ.

ಈ ಇಬ್ಬರಿಗೂ ಶಿಷ್ಯರಾದ ಓತ್ಸುಕಿ ಗೆನ್‌ತಾಕು 1788ರಲ್ಲಿ ಡಚ್ ಕಲಿಯುವವರಿಗೆ ಒಂದು ಕೈಪಿಡಿಯನ್ನು ಅಚ್ಚು ಹಾಕಿಸಿದರು. 1796ರಲ್ಲಿ ಇನಾಮುರಾ ಸಾನ್‌ಪಾಕು ಅವರ ಡಚ್ ಜಪಾನಿ ನಿಘಂಟು ಬಂದಿತು. ನಾಗಸಾಕಿಯ ದುಭಾಷಿಗಳನ್ನು ಹಗುರಾಗಿ ಕಾಣುವುದೂ ತಪ್ಪು: 'ಕಾಯಿತಾಯಿ ಶಿನ್ಶೊ'ಗೆ ಮುನ್ನುಡಿ ಬರೆದ ಯೋಶಿಯೊ ಕೋಸಾಕು ದುಭಾಷಿ, ಡಚ್ ವ್ಯಾಕರಣದ ಮರ್ಮವನ್ನು ಬಿಡಿಸಿದ ಶಿಜುಕಿ ತಾದಾವೊ ದುಭಾಷಿಯ ಹುದ್ದೆಯನ್ನು ಬಿಟ್ಟು ಓದಿಗೆ ಕುಳಿತವರು. ಹಂಬಲ ಹುಟ್ಟಿದಾಗ ಅವರೂ ಯಾರಿಗೂ ಕಡಿಮೆಯಾಗಲಿಲ್ಲ.

ಕಥೆಯ ಮುಂದಿನ ಅಂಕದ ನಾಯಕರು ಫುಕುಜಾವ ಯುಕಿಚಿ. 1984ರಿಂದ ಸುಮಾರು ನಲವತ್ತು ವರ್ಷ ಜಪಾನಿನ ಹತ್ತು ಸಾವಿರ ಯೆನ್ ನೋಟಿನ ಮೇಲೆ ಇದ್ದದ್ದು ಇವರ ಮುಖ. 1855ರಲ್ಲಿ ಅವರು ಒಸಾಕ ನಗರದಲ್ಲಿ ಓಗಾತಾ ಕೋಆನ್ ಎಂಬ ವೈದ್ಯರ ಡಚ್ ಪಾಠಶಾಲೆಗೆ ಸೇರಿದರು. ವಿದ್ಯಾರ್ಥಿಗಳೆಲ್ಲರ ನಡುವೆ ಒಂದೇ ದೊಡ್ಡ ನಿಘಂಟು, ಅದೂ ಕೈಬರಹದ್ದು. ಅದನ್ನಿಟ್ಟಿದ್ದ ಕೋಣೆಯಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ದೀಪ ಆರುತ್ತಿರಲಿಲ್ಲವಂತೆ. 1899ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಫುಕುಜಾವ ಒಂದು ವಿಚಿತ್ರವಾದ ಸಂಗತಿಯನ್ನು ಹೇಳುತ್ತಾರೆ. ಎದೊದಲ್ಲಿ ಡಚ್ ಬಲ್ಲವನಿಗೆ ಸರಕಾರದಲ್ಲೋ ಸಂಸ್ಥಾನದಲ್ಲೋ ಕೆಲಸ ಸಿಗುತ್ತಿತ್ತು. ವರ್ತಕರ ಊರಾದ ಒಸಾಕದಲ್ಲಿ ಕೆಲಸವೂ ಇಲ್ಲ, ಮನ್ನಣೆಯೂ ಇಲ್ಲ. ಆದರೂ ಒಸಾಕದ ಹುಡುಗರು ಹೆಚ್ಚು ಕಲಿತರು. ಬೇರೆ ಯಾರಿಗೂ ಆಗದ್ದು ತಮಗೆ ಆಗುತ್ತದೆಂಬ ಹೆಮ್ಮೆಯೇ ಅವರ ಸಂಬಳ.

1858ರಲ್ಲಿ ಫುಕುಜಾವ ಅವರನ್ನು ಡಚ್ ಪಾಠ ಹೇಳಲು ಎದೊಗೆ ಕರೆಸಿದರು. ಅವರದೂ ನಾಕಾತ್ಸು ಸಂಸ್ಥಾನವೇ. ಅವರ ಪಾಠಶಾಲೆ ಪ್ರಾರಂಭವಾದದ್ದು ತೆಪ್ಪೋಜುವಿನ ಅದೇ ನಿವಾಸದಲ್ಲಿ, 87 ವರ್ಷಗಳ ಹಿಂದೆ ಆ ವೈದ್ಯರು ಕುಲ್ಮುಸನ ಪುಸ್ತಕವನ್ನು ಬಿಚ್ಚಿಕೊಂಡು ಕುಳಿತ ಸ್ಥಳದಲ್ಲಿ. ಮರುವರ್ಷ, 1859ರಲ್ಲಿ, ಹೊಸದಾಗಿ ತೆರೆದ ಯೋಕೋಹಾಮ ಬಂದರನ್ನು ನೋಡಲು ಅವರು ನಡೆದುಕೊಂಡು ಹೋದರು. ಅಂಗಡಿಗಳ ಮೇಲಿನ ಬರಹ ಓದಲಾಗಲಿಲ್ಲ. ಸೀಸೆಯ ಮೇಲಿನ ಚೀಟಿ ಓದಲಾಗಲಿಲ್ಲ. ಆಡಿದ ಮಾತು ಯಾರಿಗೂ ತಿಳಿಯಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಇಂಗ್ಲಿಷು. ವರ್ಷಗಟ್ಟಲೆ ಹಗಲಿರುಳು ಕಲಿತ ವಿದ್ಯೆ ಒಂದೇ ದಿನದಲ್ಲಿ ನಿಷ್ಪ್ರಯೋಜಕವಾಗಿ ಕಂಡಿತು.

ಕಾಲಿನ ನೋವಿಗಿಂತ ಮನಸ್ಸಿನ ನೋವು ಹೆಚ್ಚಾಯಿತು. ಆದರೆ ಮರುದಿನವೇ ಇಂಗ್ಲಿಷು ಕಲಿಯಲು ನಿಶ್ಚಯಿಸಿ, ಡಚ್ ಇಂಗ್ಲಿಷು ನಿಘಂಟೊಂದನ್ನು ಸಂಸ್ಥಾನದಿಂದ ಕೊಡಿಸಿಕೊಂಡು ಒಬ್ಬರೇ ಕುಳಿತರು. ಜೊತೆಗೆ ಬರಲು ಒಬ್ಬ ಸ್ನೇಹಿತರನ್ನು ಕರೆದರೆ, ಬೇಕಾದದ್ದೆಲ್ಲ ಡಚ್ ಅನುವಾದದಲ್ಲಿ ಸಿಗುತ್ತದೆ, ನನಗೆ ಬೇಡವೆಂದರು. ಕೆಲವು ದಿನ ಕಳೆದ ಮೇಲೆ ಫುಕುಜಾವ ಅವರಿಗೆ ತಿಳಿದುಬಂದದ್ದು ಬೇರೆ: ಡಚ್ಚಿಗೂ ಇಂಗ್ಲಿಷಿಗೂ ನಂಟಿದೆ, ಕಲಿತದ್ದು ನೀರಿನಲ್ಲಿ ಹೋಗಿರಲಿಲ್ಲ.

ಇದಾದ ಸರಿಯಾಗಿ ನೂರು ವರ್ಷಕ್ಕೆ, 1959ರಲ್ಲಿ, ಕೆನಡಾದ ರಾಬರ್ಟ್ ಗಾರ್ಡ್ನರ್ ಮತ್ತು ವಾಲೇಸ್ ಲ್ಯಾಂಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷು ಹುಡುಗರನ್ನು ಪರೀಕ್ಷಿಸಿದರು. ಭಾಷೆ ಕಲಿಯುವ ಜಾಣ್ಮೆ ಒಂದು, ಕಲಿಯಬೇಕೆಂಬ ಪ್ರೇರಣೆ ಇನ್ನೊಂದು. ಫಲ ಎರಡನ್ನೂ ಅವಲಂಬಿಸುತ್ತದೆ ಎಂದು ಅವರು ತೋರಿಸಿದರು. ಆ ಭಾಷೆಯ ಜನರಿಗೆ ಹತ್ತಿರವಾಗಬೇಕೆಂದು ಕಲಿಯುವವರು, ಲಾಭಕ್ಕೆಂದು ಕಲಿಯುವವರಿಗಿಂತ ಮುಂದಿದ್ದರು. ಆದರೆ 1972ರಲ್ಲಿ ಯಾಸ್ಮೀನ್ ಲುಕ್ಮಾನಿ ಅವರು ಮುಂಬಯಿಯ ಮರಾಠಿ ವಿದ್ಯಾರ್ಥಿನಿಯರನ್ನು ಪರೀಕ್ಷಿಸಿದಾಗ ಅಲ್ಲಿ ಲಾಭದ ಉದ್ದೇಶವೇ ಹೆಚ್ಚು ಫಲ ಕೊಟ್ಟಿದ್ದು ಕಂಡುಬಂದಿತು. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಗೆನ್‌ಪಾಕು ಅವರೂ ಕಲಿತರು, ರ್ಯೋತಾಕು ಅವರೂ ಕಲಿತರು. ಯಾವ ಹಂಬಲ ಮೇಲು ಎಂಬುದಕ್ಕಿಂತ, ಅದು ಕಲಿಯುವವನದೇ ಹಂಬಲವೋ ಅಲ್ಲವೋ ಎಂಬುದು ಮುಖ್ಯ. ಮೇಷ್ಟರು ಅದನ್ನು ಹುಟ್ಟಿಸಲಾರರು. ಆದರೆ ಕುಲ್ಮುಸನ ಪುಸ್ತಕದ ಪಕ್ಕದಲ್ಲಿ ದೇಹವನ್ನು ಇಟ್ಟು ತೋರಿಸಬಲ್ಲರು. ನಾನು ನನ್ನ ಹುಡುಗರಿಗೆ ಮೂವತ್ತು ವರ್ಷ ಪುಸ್ತಕವನ್ನಷ್ಟೇ ತೋರಿಸಿದೆ.

ಹತ್ತನೆಯ ತರಗತಿಯಲ್ಲಿ ಬಿಟ್ಟುಹೋದ ಹುಡುಗನ ಮಾತು ಉಳಿಯಿತು. ನಿವೃತ್ತನಾದ ಮೇಲೆ ಒಂದು ಮದುವೆಗೆಂದು ಆ ಊರಿಗೆ ಹೋಗಿದ್ದಾಗ, ಬಸ್ ನಿಲ್ದಾಣದ ಹತ್ತಿರ ಮೋಟಾರು ಪಂಪು ರಿಪೇರಿಯ ಅಂಗಡಿಯೊಳಗಿಂದ ಯಾರೋ "ಸಾರ್" ಎಂದು ಓಡಿ ಬಂದರು. ಅವನೇ. ತಲೆಕೂದಲು ನರೆತಿತ್ತು. ಒಳಗೆ ಕರೆದು ಕೂಡಿಸಿ ಕಾಫಿ ತರಿಸಿದ. ಮೇಜಿನ ಮೇಲೆ ಪರದೇಶದ ಪಂಪೊಂದರ ಇಂಗ್ಲಿಷು ಕೈಪುಸ್ತಕವಿತ್ತು. ಪುಟದ ತುಂಬ ಪೆನ್ಸಿಲಿನ ಗೆರೆ, ಅಂಚಿನಲ್ಲಿ ಕನ್ನಡದಲ್ಲಿ ಬರೆದ ಅರ್ಥ. ಪಕ್ಕದಲ್ಲಿ ಬೆನ್ನು ಕಿತ್ತುಹೋದ ನಿಘಂಟು. ನಾನು ಒಂದು ಪದದ ಮೇಲೆ ಬೆರಳಿಟ್ಟು, ಮೇಷ್ಟರ ಹಳೆಯ ಗತ್ತಿನಲ್ಲಿ, "ಗ್ಲ್ಯಾಂಡ್ ಅಂದರೆ ಗ್ರಂಥಿ" ಎಂದೆ. ಅವನು ಸಂಕೋಚದಿಂದ ನಕ್ಕು, "ಇಲ್ಲಿ ಅದಲ್ಲ ಸಾರ್, ಇದು" ಎಂದು ಬಿಚ್ಚಿಟ್ಟ ಪಂಪಿನ ಶಾಫ್ಟಿನ ಸುತ್ತ ನೀರು ಸೋರದಂತೆ ಬಿಗಿಯುವ ಭಾಗವನ್ನು ಮುಟ್ಟಿ ತೋರಿಸಿದ. ನಾನು ಅಂದು ಅವನ ತಂದೆಗೆ ಹೇಳಿದ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಗೆನ್‌ಪಾಕು ಅವರ ನೆನಪುಗಳ ಹಸ್ತಪ್ರತಿ ಬಹುಕಾಲ ಕಣ್ಮರೆಯಾಗಿತ್ತು. ಫುಕುಜಾವ ಅವರ ಸ್ನೇಹಿತರೊಬ್ಬರಿಗೆ ಬೀದಿಬದಿಯ ಹಳೆಯ ಪುಸ್ತಕಗಳ ನಡುವೆ ಅದರ ಒಂದು ಪ್ರತಿ ಸಿಕ್ಕಿತು. ಆ ಮೊದಲ ದಿನದ ವರ್ಣನೆಯನ್ನು, ಅಕ್ಷರವೂ ಬಾರದ ಪುಸ್ತಕದ ಮುಂದೆ ದಿಕ್ಕು ತೋಚದೆ ಕುಳಿತವರ ವರ್ಣನೆಯನ್ನು, ಓದಿದಾಗಲೆಲ್ಲ ಫುಕುಜಾವ ಅವರಿಗೆ ಕಣ್ಣೀರು ಬರುತ್ತಿತ್ತಂತೆ. 1869ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಹೊಸ ಭಾಷೆಯ ಮುಂದೆ ತಾವೂ ಹಾಗೆಯೇ ಕುಳಿತವರಲ್ಲವೆ?

ಕಥೆ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಹುಡುಗ ಪುಸ್ತಕವನ್ನು ಕೈಗೆತ್ತಿಕೊಂಡ. "ಜರ್ಮನಿಯಲ್ಲಿ ಏನು ಓದಬೇಕೆಂದಿದ್ದೀಯಪ್ಪ?" ಎಂದು ಕೇಳಿದೆ. ಸೇತುವೆ ಕಟ್ಟುವ ವಿದ್ಯೆ ಎಂದ. ಹಾಗಾದರೆ ಪಠ್ಯಪುಸ್ತಕದ ಜೊತೆಗೆ ಸೇತುವೆಗಳ ಮೇಲಿನ ಜರ್ಮನ್ ಪುಸ್ತಕವೊಂದನ್ನೂ ಸಂಪಾದಿಸಿಕೋ, ಚಿತ್ರಗಳಿದ್ದರೆ ಒಳ್ಳೆಯದು, ತಿಳಿಯದ ಪದಕ್ಕೆ ಒಂದು ಗುರುತು ಹಾಕಿ ಮುಂದೆ ಹೋಗು ಎಂದೆ. ನಿನ್ನೆ ಬಂದಿದ್ದ. ಪುಸ್ತಕ ಸಿಕ್ಕಿದೆಯಂತೆ. ಮೊದಲ ಪುಟದಲ್ಲಿ ಬರೀ ಗುರುತುಗಳೇ ಇವೆ.